ಹಸಿ ಮಾಂಸದ ಮಾತು ನಂಬುವ ಮೊದಲು

ಹಸಿ ಮಾಂಸ ಒಳ್ಳೆಯದು ಅನ್ನುವ ಒಂದು ವಿಡಿಯೋ ನೋಡಿ ನನ್ನ ತಮ್ಮ ಅದನ್ನು ತಿನ್ನಲು ಹೊರಟಾಗ ಇಬ್ಬರೂ ಕೂತು ಆ ವಿಡಿಯೋದ ಒಂದೊಂದು ಮಾತನ್ನೂ ಹಾಳೆಯಲ್ಲಿ ಬರೆದೆವು. ನೀವೂ ಹಾಗೇ ಮಾಡಿ. "ಶಕ್ತಿ ಬರುತ್ತೆ" ಅನ್ನುವಂಥದ್ದನ್ನು ಹೊಡೆದುಹಾಕಿ. ಪರೀಕ್ಷಿಸಲು ಆಗುವುದನ್ನಷ್ಟೇ ಉಳಿಸಿಕೊಳ್ಳಿ.

"ಬೇಯಿಸಿದರೆ ಕಿಣ್ವ (ಎಂಜೈಮ್) ಹಾಳಾಗುತ್ತೆ." ನಿಜ. ಆದರೆ ಕಿಣ್ವವೂ ಪ್ರೋಟೀನೇ ಅಲ್ವಾ? ಹಸಿಯಾಗಿ ತಿಂದರೂ ಹೊಟ್ಟೆಯಲ್ಲಿ ಅದು ಒಡೆದುಹೋಗುತ್ತದೆ. ಜೀರ್ಣಕ್ಕೆ ಬೇಕಾದ ಕಿಣ್ವವನ್ನು ದೇಹವೇ ಮಾಡಿಕೊಳ್ಳುತ್ತದೆ. "ಬೇಯಿಸಿದರೆ ವಿಟಮಿನ್ ಹೋಗುತ್ತೆ" ಅನ್ನುವುದರಲ್ಲಿ ಸ್ವಲ್ಪ ಸತ್ಯವಿದೆ: ಬಿ1 ಕಡಿಮೆಯಾಗುತ್ತದೆ.

"ಹಸಿ ಮಾಂಸ ತಿಂದು ನಾನು ಹುಷಾರಾದೆ" ಅಂದವರು ಅದೇ ವಾರ ಸಕ್ಕರೆ, ಕರಿದ ತಿಂಡಿ ಬಿಟ್ಟರಾ? ಕೇಳಿ. ಹುಷಾರಾಗಲು ಅದೂ ಕಾರಣವಿರಬಹುದು.

ಆಮೇಲೆ ವಿಡಿಯೋದವರು ಹೇಳದೇ ಬಿಟ್ಟದ್ದನ್ನು ನೋಡಿ. ಫ್ರೀಜರ್‌ನಲ್ಲಿಟ್ಟರೂ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗ ತರುವ ಬ್ಯಾಕ್ಟೀರಿಯಾ ಉಳಿಯಬಲ್ಲವು. ಅವು ಸಾಯಬೇಕಾದರೆ ಬೇಯಿಸುವಾಗ ಕೈಮಾದ ಒಳಭಾಗ 71, ಕೋಳಿಯದ್ದು 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಗರ್ಭಿಣಿಯರಿಗೆ, ಮಕ್ಕಳಿಗೆ ಹಸಿ ಮಾಂಸ ಬೇಡವೇ ಬೇಡ.