ಹೊಸಬರಿಗೆ ಮಾರ್ಗದರ್ಶಿ: ಹಾಸನದಲ್ಲಿ ತಿಂಗಳ ದಿನಸಿ, ಕಂಪನಿ ಪ್ಯಾಕೆಟ್ಟೋ ಅಂಗಡಿ ಬ್ರ್ಯಾಂಡೋ?

ವರ್ಗವಾಗಿ ಬಂದವರಿರಲಿ, ಮಕ್ಕಳ ಓದಿಗೆಂದು ಬಂದವರಿರಲಿ, ಹಾಸನದಲ್ಲಿ ಮನೆ ಹಿಡಿದ ಮೊದಲ ವಾರ ಎಲ್ಲರೂ ಮಾಡುವುದು ಒಂದೇ ಕೆಲಸ: ಸೂಪರ್ ಮಾರ್ಕೆಟ್‌ಗೆ ಹೋಗಿ ತಿಂಗಳ ದಿನಸಿ ತರುವುದು. ಮನೆ ಅಡ್ವಾನ್ಸು, ಲಾರಿ ಬಾಡಿಗೆ ಎಂದು ಕೈ ಬರಿದಾಗಿರುವ ಹೊತ್ತು ಅದು. ಎಣ್ಣೆ, ಕಾಫಿಪುಡಿಯ ಬೆಲೆ ಏರಿಯೇ ಕೂತಿದೆ. ಪಕ್ಕದ ಸಾಲಿನಲ್ಲಿ ಅಂಗಡಿಯವರದೇ ಹೆಸರಿನ ಪ್ಯಾಕೆಟ್ ಅಗ್ಗಕ್ಕೆ ಸಿಗುತ್ತಿರುತ್ತದೆ. ರಿಲಯನ್ಸ್‌ನ ‘ಗುಡ್ ಲೈಫ್’, ಡಿಮಾರ್ಟ್‌ನ ‘ಪ್ರೀಮಿಯಾ’ ಈ ಬಗೆಯವು.

ಅವನ್ನು ತರಬಹುದೇ? ತರಬಹುದು, ಆದರೆ ಎಲ್ಲವನ್ನೂ ಅಲ್ಲ. ಒಂದೇ ಪದಾರ್ಥ ತುಂಬಿದ ಪ್ಯಾಕೆಟ್ ಆದರೆ ಧೈರ್ಯವಾಗಿ ಬದಲಾಯಿಸಿ. ಬೆರಕೆಯಿಂದಲೇ ರುಚಿ ಹುಟ್ಟುವಂಥದ್ದಾದರೆ ನಿಂತು ನೋಡಿ. ಹಾಸನದಂಥ ಊರಿನಲ್ಲಿ ಕೆಲವಕ್ಕೆ ಕಂಪನಿಯದೂ ಬೇಡ, ಅಂಗಡಿಯದೂ ಬೇಡ; ಹುರಿಸಿ, ಬೀಸಿಸಿ ತರುವ ಮೂರನೆಯ ದಾರಿಯೇ ಒಳ್ಳೆಯದು.

ಬೆಲೆ ಓದುವ ಬಗೆ

‘ಇಷ್ಟು ಶೇಕಡಾ ಕಡಿತ’ ಎಂಬ ಹಳದಿ ಚೀಟಿಯನ್ನು ನೋಡಲೇಬೇಡಿ. ಅಂಗಡಿ ಬ್ರ್ಯಾಂಡಿನ ಎಂಆರ್‌ಪಿ ಎಷ್ಟಿರಬೇಕೆಂದು ತೀರ್ಮಾನಿಸುವವರೂ ಮಾರುವವರೂ ಒಬ್ಬರೇ. ಉದಾಹರಣೆಗೆ, ಅವರ ತೊಗರಿಬೇಳೆಗೆ ಕೆ.ಜಿ.ಗೆ 240 ಎಂದು ಮುದ್ರಿಸಿ 165ಕ್ಕೆ ಕೊಡುತ್ತಾರೆ. ಕಂಪನಿಯದು 190 ಮುದ್ರಿಸಿ 178ಕ್ಕೆ ಸಿಗುತ್ತದೆ ಎನ್ನಿ. ಚೀಟಿಯ ಪ್ರಕಾರ ನಿಮಗೆ 75 ರೂಪಾಯಿ ಉಳಿಯಿತು. ನಿಜವಾಗಿ ಉಳಿದದ್ದು 13.

ಪ್ಯಾಕೆಟ್ ಮೇಲೆ ಗ್ರಾಂ ಅಥವಾ ಕೆ.ಜಿ. ಲೆಕ್ಕದ ಬೆಲೆಯೂ ಇರುತ್ತದೆ. ಎಣ್ಣೆ, ಹಿಟ್ಟು, ಬಿಸ್ಕತ್ತು ಮುಂತಾದವನ್ನು ಇಂತಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕೆಂಬ ಹಳೆಯ ನಿಯಮ 2022ರಲ್ಲಿ ಹೋಗಿ, ಅದರ ಬದಲಿಗೆ ಇದು ಬಂತು. ಎರಡು ಕಡೆ ಎಡವುತ್ತಾರೆ. ಒಂದು, ಈ ಲೆಕ್ಕ ಹಾಕಿರುವುದು ಎಂಆರ್‌ಪಿ ಮೇಲೆ, ನೀವು ಕೊಡುವ ಬೆಲೆಯ ಮೇಲಲ್ಲ. ಎರಡು, ಕೆ.ಜಿ.ಗಿಂತ ಚಿಕ್ಕ ಪ್ಯಾಕೆಟ್‌ನಲ್ಲಿ ಗ್ರಾಂ ಬೆಲೆ, ದೊಡ್ಡದರಲ್ಲಿ ಕೆ.ಜಿ. ಬೆಲೆ ಇರುತ್ತದೆ. ಆದ್ದರಿಂದ ಮೊಬೈಲ್ ತೆಗೆದು ನೀವೇ ಲೆಕ್ಕ ಹಾಕಿ: ಕೊಡುವ ಹಣವನ್ನು ಗ್ರಾಂನಿಂದ ಭಾಗಿಸಿ 100ರಿಂದ ಗುಣಿಸಿದರೆ 100 ಗ್ರಾಂ ಬೆಲೆ ಬಂತು.

ಹೆಚ್ಚು ಜನ ಮೋಸಹೋಗುವುದು ಎಣ್ಣೆಯಲ್ಲಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಎತ್ತರದ, ಅದೇ ಅಗಲದ ಪೌಚಿನಲ್ಲಿ 850 ಗ್ರಾಂ, 750 ಗ್ರಾಂ ತುಂಬಿ ಮಾರುವುದೂ ಇದೆ. 910 ಗ್ರಾಂಗೆ 150 ರೂಪಾಯಿ ಕೊಟ್ಟರೆ 100 ಗ್ರಾಂಗೆ ಹದಿನಾರೂವರೆ ಬೀಳುತ್ತದೆ. 750 ಗ್ರಾಂನ ಪೌಚು 132ಕ್ಕೆ ಸಿಕ್ಕಿತೆಂದು ಖುಷಿಪಟ್ಟರೆ 100 ಗ್ರಾಂಗೆ 17 ರೂಪಾಯಿ 60 ಪೈಸೆ ಕೊಟ್ಟಿರುತ್ತೀರಿ. ಪೌಚನ್ನು ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಳ ಅಂಚಿನಲ್ಲಿ ಸಣ್ಣಗೆ ಬರೆದ ತೂಕವನ್ನೇ ಓದಬೇಕು. ಐದು, ಹತ್ತು ರೂಪಾಯಿಯ ಬಿಸ್ಕತ್ತಿನದೂ ಇದೇ ಕಥೆ. ಬೆಲೆ ಹಾಗೇ ಇರುತ್ತದೆ, ಒಳಗಿನ ಗ್ರಾಂ ಬದಲಾಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತು, ತುಪ್ಪಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ. ಹಳೆಯ ಬಿಲ್ಲಿನ ಬೆಲೆಯನ್ನು ತಲೆಯಲ್ಲಿಟ್ಟುಕೊಂಡು ಹೋಲಿಸಬೇಡಿ.

ಪ್ಯಾಕೆಟ್ ತಿರುಗಿಸಿ

ಮುಂಭಾಗದಲ್ಲಿರುವುದು ಜಾಹೀರಾತು. ಹಿಂಭಾಗದಲ್ಲಿ ‘ಮಾರ್ಕೆಟೆಡ್ ಬೈ’ ಎಂದಿರುವುದು ಅಂಗಡಿಯ ಹೆಸರು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಅಥವಾ ‘ಪ್ಯಾಕ್ಡ್ ಬೈ’ ಎಂದಿರುವವರೇ ಮಾಲು ಮಾಡಿದವರು ಅಥವಾ ತುಂಬಿದವರು. ಅಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ಘಟಕದ ನೋಂದಣಿ. ಎರಡೂ ಕಾನೂನುಬದ್ಧವೇ. ಹೆಸರಾಂತ ಬ್ರ್ಯಾಂಡಿಗೂ ಅಂಗಡಿ ಬ್ರ್ಯಾಂಡಿಗೂ ಒಂದೇ ತಯಾರಕರ ಹೆಸರು ಕಂಡರೆ ಅಗ್ಗದ್ದನ್ನು ಒಂದು ಸಲ ತಂದು ನೋಡಬಹುದು. ಹಾಗೆಂದು ಎರಡೂ ಒಂದೇ ಮಾಲು ಎಂದುಕೊಳ್ಳಬೇಡಿ, ಒಂದೇ ಗಿರಣಿಯಲ್ಲೂ ಬೇರೆ ಬೇರೆ ದರ್ಜೆಯ ಮಾಲು ಇರುತ್ತದೆ.

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರಬೇಕೆಂಬುದು ನಿಯಮ. ಜಾಮಿನಲ್ಲಿ ಹಣ್ಣಿಗಿಂತ ಮೊದಲು ಸಕ್ಕರೆ ಇದ್ದರೆ ನೀವು ಹಣ ಕೊಡುತ್ತಿರುವುದು ಸಕ್ಕರೆಗೆ.

ಧೈರ್ಯವಾಗಿ ಬದಲಾಯಿಸುವಂಥವು

ಸಕ್ಕರೆ, ಅಯೋಡಿನ್ ಉಪ್ಪು, ಅವಲಕ್ಕಿ, ರವೆ, ಕಡಲೆಬೇಳೆ, ಸಾಸಿವೆ, ಜೀರಿಗೆ. ಇವುಗಳಲ್ಲಿ ಕಂಪನಿ ಹೆಸರಿಗೆ ಹೆಚ್ಚು ಕೊಡುವ ಕಾರಣವೇ ಇಲ್ಲ.

ತೊಗರಿಬೇಳೆ ಮಾತ್ರ ಒಮ್ಮೆ ಪರೀಕ್ಷಿಸಿ. ಅರ್ಧ ಕೆ.ಜಿ. ತಂದು, ನೀವು ಬಳಸುತ್ತಿದ್ದ ಬೇಳೆಯನ್ನೂ ಹೊಸದಾಗಿ ತಂದದ್ದನ್ನೂ ಅರ್ಧರ್ಧ ಲೋಟ ಎರಡು ಚಿಕ್ಕ ಪಾತ್ರೆಗೆ ಹಾಕಿ, ಸಮಸಮ ನೀರು ಬಿಟ್ಟು, ಒಂದೇ ಕುಕ್ಕರಿನಲ್ಲಿ ಇಟ್ಟು ಮೂರು ಸೀಟಿ ಕೂಗಿಸಿ. ಸೌಟಿನ ಬೆನ್ನಿನಿಂದ ಒತ್ತಿದಾಗ ಹೊಸದು ಕಾಳುಕಾಳಾಗಿ ನಿಂತರೆ ಅದು ಹಳೆಯ ದಾಸ್ತಾನು. ಅದಕ್ಕೆ ಇನ್ನೆರಡು ಸೀಟಿ ಬೇಕು, ಉಳಿದ ಹಣ ಗ್ಯಾಸಿಗೆ ಹೋಯಿತು. ಕನ್ನಡಿಯಂತೆ ಹೊಳೆಯುವ ಬೇಳೆ ಪಾಲಿಶ್ ಮಾಡಿದ್ದು. ಹೊಳಪಿಗೆ ಬೆಲೆ ಕೊಡಬೇಡಿ.

ಅಕ್ಕಿಯನ್ನು ಸೂಪರ್ ಮಾರ್ಕೆಟ್‌ನಲ್ಲಿ 5 ಕೆ.ಜಿ. ಚೀಲವಾಗಿ ತರುವುದಕ್ಕಿಂತ ದಿನಸಿ ಅಂಗಡಿಯಲ್ಲಿ ಲೂಸ್ ತನ್ನಿ. 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಇದೆ, ಬಿಡಿ ಮಾಲಿಗಿಲ್ಲ. ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣುವುದು ಇದೇ ಕಾರಣಕ್ಕೆ. ಮೊದಲು ಎರಡು ಕೆ.ಜಿ. ಒಯ್ದು ಅನ್ನ ಮಾಡಿ ನೋಡಿ. ಹೊಸ ಅಕ್ಕಿಯಾದರೆ ಲೋಟಕ್ಕೆ ಎರಡು ಲೋಟ ನೀರಿಗೇ ಮುದ್ದೆಯಾಗುತ್ತದೆ. ಕಟ್ಟಿನಕೆರೆ ಮಾರುಕಟ್ಟೆ, ಸಂತೆಪೇಟೆ ಕಡೆ ಎರಡು ಮೂರು ಅಂಗಡಿ ವಿಚಾರಿಸಿ. ಯಾರಾದರೂ ಸೇರಿನ ಲೆಕ್ಕ ಹೇಳಿದರೆ ತೂಕ ಹಾಕಿಸಿ. ಸೇರು ಅಳತೆಯ ಮಾತು, ಕೆ.ಜಿ. ಅಲ್ಲ.

ನಿಂತು ನೋಡುವಂಥವು

ಅಗ್ಗದ ಎಣ್ಣೆಯ ಲೇಬಲ್‌ನಲ್ಲಿ ‘ಬ್ಲೆಂಡೆಡ್’ ಎಂದಿದ್ದರೆ ಅದು ಎರಡೆಣ್ಣೆಯ ಬೆರಕೆ. ಯಾವುದು ಎಷ್ಟು ಶೇಕಡಾ ಎಂದು ಅಲ್ಲೇ ಬರೆದಿರುತ್ತದೆ, ಓದಿ. ಕೊಬ್ಬರಿ ಎಣ್ಣೆಯ ಬಾಟಲಿ ಮೇಲೆ ಹಸಿರು ಚುಕ್ಕೆಯೂ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇಲ್ಲದಿದ್ದರೆ ಅದು ತಲೆಗೆ, ಒಗ್ಗರಣೆಗಲ್ಲ. ಅಡುಗೆಗೆ ಬೇಕೆಂದರೆ ಅರಸೀಕೆರೆ ಕಡೆಯ ಕೊಬ್ಬರಿಯನ್ನು ಗಾಣದಲ್ಲಿ ಆಡಿಸಿದ ಎಣ್ಣೆ ಕೇಳಿ ನೋಡಿ. ಬೆಲೆ ಕಡಿಮೆಯೇನಲ್ಲ, ಪರಿಮಳ ಬೇರೆ.

ಸ್ನಾನದ ಸೋಪಿನ ಹೊದಿಕೆಯಲ್ಲಿ ಟಿಎಫ್‌ಎಂ ಎಂಬ ಅಂಕಿ ಹುಡುಕಿ. ಸೋಪಿನಲ್ಲಿ ಒಟ್ಟು ಕೊಬ್ಬಿನಂಶ ಶೇಕಡಾ ಎಷ್ಟೆಂದು ಅದು ಹೇಳುತ್ತದೆ. 76 ಅಥವಾ ಮೇಲಿದ್ದರೆ ಒಂದನೇ ದರ್ಜೆ, 70 ಎರಡನೆಯದು, 60 ಮೂರನೆಯದು. ‘ಬೇತಿಂಗ್ ಬಾರ್’ ಎಂದಿದ್ದರೆ ಟಿಎಫ್‌ಎಂ 40ರಷ್ಟಿದ್ದರೂ ನಿಯಮದಲ್ಲಿ ನಡೆಯುತ್ತದೆ. ಅಂಥದ್ದು ನೀರಿನಲ್ಲಿ ಬೇಗ ಕರಗಬಹುದು. ಹೊದಿಕೆ ಬಿಚ್ಚಿದ ದಿನಾಂಕ ಬರೆದಿಟ್ಟು ಎಷ್ಟು ದಿನ ಬಂತೆಂದು ಎಣಿಸಿ, ಪಾತ್ರೆ ಸೋಪಿಗೂ ಅಷ್ಟೇ.

ಎಳೆಮಕ್ಕಳ ಹಾಲಿನ ಪುಡಿಯನ್ನು ಉಳಿತಾಯಕ್ಕೆಂದು ಬದಲಾಯಿಸಬೇಡಿ. ಮಕ್ಕಳ ಡಾಕ್ಟರನ್ನು ಕೇಳಿಯೇ ಬದಲಾಯಿಸಿ.

ಕಾಫಿಪುಡಿ

ಸಕಲೇಶಪುರ, ಬೇಲೂರು ತೋಟಗಳ ಮಗ್ಗುಲಲ್ಲಿದ್ದುಕೊಂಡು ಬಣ್ಣದ ಪ್ಯಾಕೆಟ್‌ಗೆ ಹೆಚ್ಚು ಹಣ ಸುರಿಯುವುದು ನಮಗೆ ಸಂಕಟದ ವಿಷಯ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣ ಮುದ್ರಿಸಿರಬೇಕು. ಶೇ. 53 ಎಂದಿರುವ ಅರ್ಧ ಕೆ.ಜಿ.ಯಲ್ಲಿ ಕಾಫಿ 265 ಗ್ರಾಂ, ಶೇ. 80 ಇದ್ದರೆ 400 ಗ್ರಾಂ. ಬೆಲೆಯನ್ನು ಈ ಕಾಫಿಯ ಗ್ರಾಂನಿಂದ ಭಾಗಿಸಿದರೆ ಅಗ್ಗವೆಂದುಕೊಂಡದ್ದು ಎಷ್ಟೋ ಸಲ ಅಗ್ಗವಾಗಿರುವುದಿಲ್ಲ.

ಹುರಿದು ಪುಡಿ ಮಾಡಿಕೊಡುವ ಅಂಗಡಿಗೆ ಹೋಗಿ. ‘ಚಿಕೋರಿ ಎಷ್ಟು ಹಾಕ್ಲಿ?’ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ‘ಎಂಬತ್ತು ಇಪ್ಪತ್ತು, ಫಿಲ್ಟರಿಗೆ’ ಎನ್ನಿ. ಕಾಲು ಕೆ.ಜಿ. ಸಾಕು; ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 25 ಗ್ರಾಂನಂತೆ ಹತ್ತು ದಿನ ಬರುತ್ತದೆ, ಅದಕ್ಕಿಂತ ಹೆಚ್ಚು ತಂದಿಟ್ಟರೆ ಪರಿಮಳ ಹಾರುತ್ತದೆ. ಡಿಕಾಕ್ಷನ್ ಗಂಟೆಗಟ್ಟಲೆ ತೊಟ್ಟಿಕ್ಕುತ್ತಲೇ ಇದ್ದರೆ ಚಿಕೋರಿ ಹೆಚ್ಚಾಗಿದೆ, ಅಥವಾ ಪುಡಿ ತೀರಾ ನುಣ್ಣಗಾಗಿದೆ, ಇಲ್ಲವೇ ನೀವು ಅದನ್ನು ಗಟ್ಟಿಯಾಗಿ ಒತ್ತಿದ್ದೀರಿ. ಸರ್‍ರನೆ ಇಳಿದು ತೆಳ್ಳಗಾದರೆ ಪುಡಿ ತರಿಯಾಗಿದೆ.

ಹಿಟ್ಟಿನ ಮಿಲ್ಲು

ರಾಗಿಹಿಟ್ಟು, ಸಾರಿನಪುಡಿ, ಖಾರದಪುಡಿಗೆ ಪ್ಯಾಕೆಟ್ ಬೇಡ. ಕಾಳು ಕೊಂಡು ಆರಿಸಿ, ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ ಮಿಲ್ಲಿಗೆ ಹಾಕಿಸಿ. ಉತ್ತರದ ಜಿಲ್ಲೆಗಳಿಂದ ಬಂದವರು ಜೋಳ ಬೀಸಿಸುವಾಗ ಒಂದು ಮಾತು ಹೇಳಿ: ರಾಗಿ ಬೀಸಿದ ಬೆನ್ನಿಗೇ ಜೋಳ ಸುರಿದರೆ ಮೊದಲ ಒಂದೆರಡು ಹಿಡಿ ಹಿಟ್ಟು ಕಂದಾಗಿ ಬರುತ್ತದೆ, ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಅಷ್ಟನ್ನು ಬೇರೆ ತೆಗೆಸಿ. ಮಿಲ್ಲಿನಿಂದ ಬಂದ ಬಿಸಿ ಹಿಟ್ಟನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿದ ಮೇಲೆಯೇ ಡಬ್ಬಕ್ಕೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟಿ ಹಿಟ್ಟು ಗಂಟಾಗುತ್ತದೆ.

ತೂಕ, ಎಂಆರ್‌ಪಿಯಲ್ಲಿ ಮೋಸವಾದರೆ ಬಿಲ್ಲನ್ನೂ ಪ್ಯಾಕೆಟನ್ನೂ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ರೇಷನ್ ಕಾರ್ಡ್ ಹಳೆಯ ಊರಿನದಾಗಿದ್ದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು.

ಜೂನ್ ಬಂತೆಂದರೆ ‘ಎರಡು ಕೊಂಡರೆ ಒಂದು ಉಚಿತ’ಕ್ಕೆ ಕೈ ಹಾಕಬೇಡಿ. ಮಳೆಗಾಲದ ಥಂಡಿಗೆ ರವೆಯಲ್ಲಿ ಹುಳು, ಬೇಳೆಯಲ್ಲಿ ಮುಗ್ಗಲು ವಾಸನೆ ಬರಲು ಹೆಚ್ಚು ದಿನ ಬೇಡ. ತಂದ ರವೆಯನ್ನು ಅಂದೇ ಸಣ್ಣ ಉರಿಯಲ್ಲಿ ಕೈ ಸುಡುವಷ್ಟು ಬಿಸಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬೇಳೆ ಡಬ್ಬದಲ್ಲಿ ನಾಲ್ಕೈದು ಒಣಮೆಣಸಿನಕಾಯಿ ಇಡಿ. ಒದ್ದೆ ಚಮಚ ಹಾಕಬೇಡಿ.