ಮುದ್ರಕರಿಗೊಂದು, ಓದುಗರಿಗೊಂದು: ಕನ್ನಡ ಪುಸ್ತಕದ ಪಿಡಿಎಫ್ ಸಿದ್ಧಪಡಿಸುವ ನನ್ನ ಕ್ರಮ

ಕನ್ನಡ ಪುಸ್ತಕಗಳ ಪುಟವಿನ್ಯಾಸವನ್ನು ನಾನು ಇನ್‌ಡಿಸೈನ್ ತಂತ್ರಾಂಶದಲ್ಲಿ ಮಾಡುತ್ತೇನೆ. ಕರಡು ತಿದ್ದುವ ಕೆಲಸ ಮುಗಿದು ಲೇಖಕರ ಒಪ್ಪಿಗೆಯೂ ಸಿಕ್ಕ ಮೇಲೆ ಉಳಿಯುವುದು ಎಕ್ಸ್‌ಪೋರ್ಟ್ ಕಿಟಕಿಯನ್ನು ತೆರೆದು ಪಿಡಿಎಫ್ ಮಾಡುವ ಕೆಲಸವೊಂದೇ. ಆದರೆ ಅಕ್ಷರ ಕಾಗದದ ಮೇಲೆ ಎಷ್ಟು ಚೊಕ್ಕಟವಾಗಿ ಮೂಡುತ್ತದೆ, ಹಳೆಯ ಛಾಯಾಚಿತ್ರದಲ್ಲಿನ ಮುಖ ಗುರುತು ಸಿಗುತ್ತದೆಯೇ, ಮುಂದೆ ಯಾರಾದರೂ ಆ ಕಡತದಲ್ಲಿ ಒಂದು ಊರಿನ ಹೆಸರನ್ನು ಹುಡುಕಿದರೆ ಅದು ಕಾಣಿಸುತ್ತದೆಯೇ ಎಂಬುದೆಲ್ಲ ತೀರ್ಮಾನವಾಗುವುದು ಆ ಕಿಟಕಿಯ ಆಯ್ಕೆಗಳಲ್ಲಿ. ಒಂದೇ ಪಿಡಿಎಫ್ ಅನ್ನು ಪ್ರೆಸ್ಸಿಗೂ ಓದುಗರಿಗೂ ಕೊಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಬ್ಬರ ಅಗತ್ಯಗಳೂ ಬೇರೆ ಬೇರೆಯಾಗಿರುವುದರಿಂದ ಎರಡು ಕಡತಗಳನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸುತ್ತೇನೆ.

ಪುಟಕಟ್ಟುವ ಮೊದಲೇ ಪ್ರೆಸ್ಸಿನವರನ್ನು ಕೆಲವು ಸಂಗತಿಗಳನ್ನು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಒಳಪುಟಗಳಿಗೆ ಯಾವ ಕಾಗದ, ಒಂದು ಬಣ್ಣವೋ ನಾಲ್ಕು ಬಣ್ಣವೋ, ಗಣಕದಿಂದ ನೇರವಾಗಿ ಮುದ್ರಣದ ಪ್ಲೇಟ್ ಮಾಡುವ ಸಿಟಿಪಿ ಘಟಕದವರು ಪಿಡಿಎಫ್‌ನ ಯಾವ ಮಾನಕವನ್ನು ಬಯಸುತ್ತಾರೆ, ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಚಾಚಿಕೊಂಡಿರುವ ಬಣ್ಣದ ಅಂಚು, ಎಷ್ಟು ಬೇಕು ಎಂಬುವು ಮುಖ್ಯವಾದವು. ಡೆಮಿ ಅಷ್ಟದಳದ, ಅಂದರೆ ಸುಮಾರು 5.5 × 8.5 ಅಂಗುಲದ, ಒಂದು ಬಣ್ಣದ ಪುಸ್ತಕಕ್ಕೂ ನುಣುಪು ಕಾಗದದ ಮೇಲೆ ನಾಲ್ಕು ಬಣ್ಣಗಳಲ್ಲಿ ಅಚ್ಚಾಗುವ ಚಿತ್ರಸಂಪುಟಕ್ಕೂ ಒಂದೇ ಸೆಟ್ಟಿಂಗ್ ಹೊಂದುವುದಿಲ್ಲ.

ಮಾನಕದ ವಿಷಯದಲ್ಲಿ ನನ್ನ ಆಯ್ಕೆ ಸಾಮಾನ್ಯವಾಗಿ ಪಿಡಿಎಫ್/ಎಕ್ಸ್-4. ಮುದ್ರಣಕ್ಕಾಗಿ ಕಡತಗಳನ್ನು ವಿನಿಮಯ ಮಾಡಿಕೊಳ್ಳುವ ಐಎಸ್ಒ 15930 ಮಾನಕದ ಮಾಲಿಕೆಯಲ್ಲಿ 2001ರ ಎಕ್ಸ್-1ಎ ಹಳೆಯದು. ಅದು ಪಾರದರ್ಶಕ ಪದರಗಳನ್ನು ಒಪ್ಪುವುದಿಲ್ಲವಾದ್ದರಿಂದ ನೆರಳು, ಮಸುಕು ಅಂಚು ಮುಂತಾದವುಗಳನ್ನು ತಂತ್ರಾಂಶವೇ ಅಡಿಯ ಪದರದೊಂದಿಗೆ ಬೆಸೆದು ಚಪ್ಪಟೆ ಮಾಡಿಬಿಡುತ್ತದೆ. ಹಾಗೆ ಮಾಡುವಾಗ ನೆರಳಿಗೆ ತಾಗಿರುವ ಅಕ್ಷರಗಳೂ ಕೆಲವೊಮ್ಮೆ ಚಿತ್ರವಾಗಿ ಬದಲಾಗುತ್ತವೆ. ಎಕ್ಸ್-4 ಆ ಪದರಗಳನ್ನು ಹಾಗೆಯೇ ಉಳಿಸಿಕೊಂಡು, ಚಪ್ಪಟೆ ಮಾಡುವ ಕೆಲಸವನ್ನು ಪ್ಲೇಟ್ ಮಾಡುವ ಯಂತ್ರಕ್ಕೆ ಬಿಡುತ್ತದೆ. ಸಿಟಿಪಿ ಘಟಕದ ತಂತ್ರಾಂಶ ಹಳೆಯದಾಗಿದ್ದು ಅವರು ಎಕ್ಸ್-1ಎ ಬೇಕೆಂದರೆ ಅದನ್ನೇ ಕೊಡುತ್ತೇನೆ. ಆಗ ಪಾರದರ್ಶಕ ವಸ್ತುಗಳಿರುವ ಪುಟಗಳಲ್ಲಿ ಅಕ್ಷರಗಳನ್ನು ಎಲ್ಲಕ್ಕಿಂತ ಮೇಲಿನ ಪದರಕ್ಕೆ ತಂದಿರುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ನಾನು ಕಪ್ಪು ಬಣ್ಣಕ್ಕೆ ಕೊಡುತ್ತೇನೆ. ಲೇಖಕರು ವರ್ಡ್‌ನಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ತಂದುಕೊಂಡಾಗ ಅದರ ಕಪ್ಪು ಹಲವು ಬಾರಿ ಪರದೆಯ ಕಪ್ಪು, ಅಂದರೆ ಆರ್‌ಜಿಬಿ ಕಪ್ಪು ಆಗಿರುತ್ತದೆ. ಬಣ್ಣಗಳ ಸ್ವಾಚಸ್ ಪಟ್ಟಿಯಲ್ಲಿ ವರ್ಡ್ ಎಂಬ ಹೆಸರಿನಿಂದ ಆರಂಭವಾಗುವ ಹೊಸ ಬಣ್ಣವೊಂದು ಸೇರಿಕೊಂಡಿದ್ದರೆ ಅದೇ ಇದರ ಗುರುತು. ಅದನ್ನು ಹಾಗೆಯೇ ಬಿಟ್ಟರೆ ಎಕ್ಸ್‌ಪೋರ್ಟ್ ಮಾಡುವಾಗ ಆ ಕಪ್ಪು ನಾಲ್ಕು ಶಾಯಿಗಳಿಗೆ ಹಂಚಿಹೋಗುತ್ತದೆ; ಸ್ವಾಪ್ ಎಂಬ ಪ್ರೊಫೈಲ್ (ಬಣ್ಣವನ್ನು ಶಾಯಿಗಳಿಗೆ ಹೇಗೆ ಹಂಚಬೇಕೆಂದು ಹೇಳುವ ವಿವರ) ಇದ್ದರೆ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಶೇಕಡಾ ಎಂಬ ಪ್ರಮಾಣದಲ್ಲಿ. ಆಫ್‌ಸೆಟ್ ಯಂತ್ರದಲ್ಲಿ ನಾಲ್ಕು ಪ್ಲೇಟ್‌ಗಳ ಪೈಕಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣಿಸಿಕೊಳ್ಳುತ್ತದೆ. ಒತ್ತಕ್ಷರಗಳನ್ನು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಅದರ ಅಡಿಯಲ್ಲೋ ಪಕ್ಕದಲ್ಲೋ ಬರೆಯುವ ನಮ್ಮ ಲಿಪಿಯಲ್ಲಿ ಇದರ ಪೆಟ್ಟು ಜಾಸ್ತಿ: ಸ್ತ್ರೀ, ರಾಷ್ಟ್ರ, ಶಾಸ್ತ್ರ ಎಂಬಂಥ ಪದಗಳ ಕೆಳಭಾಗ ಕಲಸಿಹೋಗಿ, ಓದುವವರ ಕಣ್ಣು ಕಾರಣ ತಿಳಿಯದೆಯೇ ದಣಿಯುತ್ತದೆ.

ಆದ್ದರಿಂದ ವರ್ಡ್‌ನಿಂದ ಬಂದ ಆ ಬಣ್ಣವನ್ನು ಪಟ್ಟಿಯಿಂದ ತೆಗೆದುಹಾಕಿ, ಅದರ ಜಾಗಕ್ಕೆ ಇನ್‌ಡಿಸೈನ್‌ನ ಸ್ವಂತ ಬ್ಲ್ಯಾಕ್ ಅನ್ನು ಕೊಡುತ್ತೇನೆ. ಅದರಲ್ಲಿ ಇರುವುದು ಶೇಕಡಾ 100 ಕಪ್ಪು ಶಾಯಿ ಮಾತ್ರ. ಜೊತೆಗೆ ಅದು ಅಡಿಯ ಬಣ್ಣದ ಮೇಲೆಯೇ ಅಚ್ಚಾಗುವುದರಿಂದ ಬಣ್ಣದ ಚೌಕದೊಳಗಿನ ಅಕ್ಷರಗಳ ಸುತ್ತ ಬಿಳಿ ಗೆರೆ ಮೂಡುವುದಿಲ್ಲ. ಬಳಿಕ ಔಟ್‌ಪುಟ್ ವಿಭಾಗದಲ್ಲಿ ಬಣ್ಣದ ಪರಿವರ್ತನೆಗೆ ಎರಡು ಆಯ್ಕೆಗಳು ಕಾಣುತ್ತವೆ. ಕೇವಲ ಗಮ್ಯ ಪ್ರೊಫೈಲಿಗೆ, ಅಂದರೆ ಮುದ್ರಣಕ್ಕೆಂದು ಆರಿಸಿದ ಪ್ರೊಫೈಲಿಗೆ, ಪರಿವರ್ತಿಸುವ ಆಯ್ಕೆಯಲ್ಲಿ, ಕಡತದ ಪ್ರೊಫೈಲ್ ಬೇರೆಯಾಗಿದ್ದರೆ ಅಚ್ಚಕಪ್ಪು ಕೂಡ ಮತ್ತೆ ನಾಲ್ಕು ಬಣ್ಣವಾಗಬಹುದು. ಅದರ ಪಕ್ಕದ, ಶಾಯಿಯ ಪ್ರಮಾಣದ ಸಂಖ್ಯೆಗಳನ್ನು ಉಳಿಸಿಕೊಳ್ಳುವ ‘ಪ್ರಿಸರ್ವ್ ನಂಬರ್ಸ್’ ಎಂಬ ಆಯ್ಕೆಯನ್ನೇ ನಾನು ಬಳಸುವುದು. ಎಕ್ಸ್‌ಪೋರ್ಟ್‌ಗೆ ಮುನ್ನ ಒಂದೊಂದು ಶಾಯಿಯನ್ನೂ ಬೇರೆಯಾಗಿ ತೋರಿಸುವ ಸಪರೇಷನ್ಸ್ ಪ್ರಿವ್ಯೂ ತೆರೆದು ಕಪ್ಪು ಪದರವೊಂದನ್ನು ಮಾತ್ರ ಮರೆಮಾಡಿ ಪ್ರತಿ ಪುಟವನ್ನೂ ನೋಡುತ್ತೇನೆ. ಪಠ್ಯ ಪೂರ್ತಿ ಮಾಯವಾದರೆ ಸರಿಯಿದೆ ಎಂದರ್ಥ; ಒಂದು ಅಡಿಟಿಪ್ಪಣಿಯೋ ಪುಟಸಂಖ್ಯೆಯೋ ಮಸುಕಾಗಿ ಉಳಿದಿದ್ದರೆ ಅಲ್ಲಿ ಬೇರೆ ಬಣ್ಣಗಳು ಬೆರೆತಿವೆ ಎಂದು ತಿಳಿಯುತ್ತದೆ.

ಚಿತ್ರಗಳಿಗೆ 300 ಪಿಪಿಐ, ಅಂದರೆ ಅಂಗುಲಕ್ಕೆ 300 ಪಿಕ್ಸೆಲ್, ಎಂಬ ನಿಯಮ ಎಲ್ಲರಿಗೂ ಗೊತ್ತು. ಅಂಗುಲಕ್ಕೆ 150 ಗೆರೆಗಳಷ್ಟು ಚುಕ್ಕಿಗಳ ಸ್ಕ್ರೀನಿನಲ್ಲಿ ಅಚ್ಚಾಗುವ ಚಿತ್ರಕ್ಕೆ ಅದರ ಎರಡು ಪಟ್ಟು ಸಾಂದ್ರತೆ ಬೇಕೆಂಬ ಲೆಕ್ಕದಿಂದ ಬಂದದ್ದು ಅದು. ಎಕ್ಸ್‌ಪೋರ್ಟ್ ಸೆಟ್ಟಿಂಗ್ ಹೆಚ್ಚಿರುವುದನ್ನು ಇಳಿಸಬಲ್ಲದೇ ಹೊರತು ಇಲ್ಲದ್ದನ್ನು ಸೇರಿಸಲಾರದು. 300 ಪಿಪಿಐ ಚಿತ್ರವನ್ನು ಪುಟದಲ್ಲಿ ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವುದು 150 ಮಾತ್ರ. ಲಿಂಕ್ಸ್ ಫಲಕದ ಎಫೆಕ್ಟಿವ್ ಪಿಪಿಐ ಅದನ್ನು ತೋರಿಸುತ್ತದೆ. ಲೇಖಕರು ವಾಟ್ಸಾಪ್‌ನಲ್ಲಿ ಚಿತ್ರ ಕಳುಹಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳುಹಿಸುವಂತೆ ಮೊದಲೇ ಕೇಳಿಕೊಳ್ಳುತ್ತೇನೆ. ಕೈಬರಹ, ನಕ್ಷೆ, ರೇಖಾಚಿತ್ರಗಳಿಗೆ 1200 ಪಿಪಿಐ ಇರಿಸುತ್ತೇನೆ. ಒಂದು ಬಣ್ಣದ ಪುಸ್ತಕದ ಛಾಯಾಚಿತ್ರಗಳನ್ನು ಗ್ರೇಸ್ಕೇಲ್‌ಗೆ ತಿರುಗಿಸುವ ಕೆಲಸವನ್ನು ಎಕ್ಸ್‌ಪೋರ್ಟ್ ಕಿಟಕಿಗೆ ಬಿಡದೆ ಫೋಟೋಶಾಪ್‌ನಲ್ಲಿ ಒಂದೊಂದಾಗಿ ಮಾಡುತ್ತೇನೆ. ನುಣುಪು ಲೇಪವಿಲ್ಲದ ಮ್ಯಾಪ್‌ಲಿಥೋ ಕಾಗದ ಶಾಯಿಯನ್ನು ಹೀರಿ ಚುಕ್ಕಿಗಳನ್ನು ಹಿಗ್ಗಿಸುವುದರಿಂದ ಮುಖಗಳ ಕಪ್ಪುಛಾಯೆಯನ್ನು ಮೊದಲೇ ತುಸು ತಿಳಿಗೊಳಿಸಿರಬೇಕು, ಮತ್ತು ಎಷ್ಟು ಎಂಬುದನ್ನು ಕಣ್ಣೇ ಹೇಳಬೇಕು.

ಬ್ಲೀಡ್ 3 ಮಿ.ಮೀ. ಸಾಕು. ಆದರೆ ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕ್ರಾಪ್ ಮಾರ್ಕುಗಳ ಆಫ್‌ಸೆಟ್ (ಪುಟದ ಅಂಚಿನಿಂದ ಇರುವ ಅಂತರ) ತಾನಾಗಿಯೇ 2.117 ಮಿ.ಮೀ. ಇರುತ್ತದೆ, ಅಂದರೆ ಗೆರೆಗಳು ಬ್ಲೀಡಿನೊಳಗೇ ಇಣುಕುತ್ತವೆ. ಅದನ್ನು 3ಕ್ಕೆ ಏರಿಸುತ್ತೇನೆ. ಒಳಪುಟಗಳನ್ನು ಜೋಡಿಯಾಗಿ ಅಲ್ಲ, ಒಂಟಿ ಪುಟಗಳಾಗಿಯೇ ಕೊಡುತ್ತೇನೆ, ಏಕೆಂದರೆ ಒಂದು ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಫಾರಂ ಜೋಡಿಸುವುದು ಪ್ಲೇಟ್ ಮಾಡುವವರ ಕೆಲಸ. ಮುಖಪುಟವನ್ನು ಮಾತ್ರ ಹಿಂಬದಿ, ಬೆನ್ನು, ಮುಂಬದಿ ಒಟ್ಟಾಗಿ ಒಂದೇ ಹಾಳೆಯಾಗಿ ಪ್ರತ್ಯೇಕ ಕಡತದಲ್ಲಿ ಕಳುಹಿಸುತ್ತೇನೆ.

ಇನ್ನು ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟಿನ ಹಂಗಿಲ್ಲದ ರೇಖಾಕೃತಿಗಳಾಗಿ ಬದಲಿಸಿ, ಕೊಡಿ ಎಂಬ ಪ್ರೆಸ್ಸಿನವರ ಬೇಡಿಕೆ. ಇದು ನಮ್ಮ ಮುದ್ರಣ ವಲಯದಲ್ಲಿ ಆಳವಾಗಿ ಬೇರೂರಿದೆ, ಅದಕ್ಕೆ ಕಾರಣವೂ ಇದೆ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಆ ಭಯಕ್ಕೆ ಕರ್ವ್ ಮದ್ದಾಗಿತ್ತು. ಆದರೆ ಪಿಡಿಎಫ್/ಎಕ್ಸ್ ಮಾನಕದ ಕಡತದಲ್ಲಿ ಬಳಸಿದ ಪ್ರತಿಯೊಂದು ಫಾಂಟ್ ಒಳಗೇ ಅಡಕವಾಗಿರಲೇಬೇಕೆಂಬ ನಿಯಮವಿದೆ, ಹಾಗಾಗಿ ಆ ಆತಂಕಕ್ಕೆ ಈಗ ಆಧಾರವಿಲ್ಲ. ಕರ್ವ್ ಮಾಡಿದಾಗ ಅಕ್ಷರವು ಅಕ್ಷರವಾಗಿ ಉಳಿಯದೆ ಬರಿಯ ಆಕೃತಿಯಾಗುತ್ತದೆ, ಕಡತ ಭಾರವಾಗುತ್ತದೆ, ಕರಡಿಗೆಂದು ಸಣ್ಣ ಲೇಸರ್ ಪ್ರಿಂಟರಿನಲ್ಲಿ ತೆಗೆದ ಪ್ರತಿಯಲ್ಲಿ ಅಕ್ಷರಗಳು ದಪ್ಪಗಾಗಿ ಕಾಣುತ್ತವೆ. ಇನ್‌ಡಿಸೈನ್‌ನಲ್ಲಿ ಅಡಿಗೆರೆಗಳೂ ತಾನಾಗಿ ಹಾಕಿದ ಬುಲೆಟ್‌ಗಳೂ ಕಳೆದುಹೋಗುತ್ತವೆ. ನಾನು ನೋಟೋ ಸೆರಿಫ್ ಕನ್ನಡದಂತಹ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳನ್ನು ಬಳಸುವುದರಿಂದ ಅಡಕ ಮಾಡಲು ಕಾನೂನಿನ ತೊಡಕೂ ಇಲ್ಲ. ಪ್ರೆಸ್ಸಿನವರಿಗೆ ಇದನ್ನು ವಿವರಿಸಿ, ಒಂದೆರಡು ಪುಟಗಳ ಮಾದರಿ ಕಳುಹಿಸಿ ಅವರ ಯಂತ್ರದಲ್ಲೇ ತೆರೆದು ನೋಡಲು ಹೇಳುತ್ತೇನೆ. ಅವರು ಪಟ್ಟು ಹಿಡಿದರೆ ಮುಖಪುಟದ ಶೀರ್ಷಿಕೆಯನ್ನು ಮಾತ್ರ ಕರ್ವ್ ಮಾಡಿ ಕೊಟ್ಟದ್ದುಂಟು, ಒಳಪುಟಗಳನ್ನಲ್ಲ.

ಓದುಗರ ಕಡತದಲ್ಲಿ ಲೆಕ್ಕಾಚಾರ ಬೇರೆ. ಬಣ್ಣ ಪರದೆಗೆ ಹೊಂದುವ ಎಸ್‌ಆರ್‌ಜಿಬಿ, ಚಿತ್ರಗಳು 150 ಪಿಪಿಐ, ಕ್ರಾಪ್ ಮಾರ್ಕು ಬ್ಲೀಡುಗಳಿಲ್ಲ, ಪರಿವಿಡಿಯಿಂದ ಅಧ್ಯಾಯಕ್ಕೆ ಜಿಗಿಯುವ ಬುಕ್‌ಮಾರ್ಕುಗಳು. ಫೈಲ್ ಇನ್ಫೋದಲ್ಲಿ ಪುಸ್ತಕದ ಹೆಸರನ್ನೂ ಲೇಖಕರ ಹೆಸರನ್ನೂ ಕನ್ನಡದಲ್ಲೇ ತುಂಬುತ್ತೇನೆ. ಶೀರ್ಷಿಕೆ ಯಾವುದು, ಪ್ಯಾರಾ ಯಾವುದು ಎಂದು ಕಡತದೊಳಗೇ ಗುರುತಿಸಿಡುವ ಕ್ರಿಯೇಟ್ ಟ್ಯಾಗ್ಡ್ ಪಿಡಿಎಫ್ ಎಂಬುದನ್ನು ಗುರುತು ಮಾಡದೆ ಯಾವತ್ತೂ ಬಿಡುವುದಿಲ್ಲ; ಅದಕ್ಕಾಗಿ ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆಗಳ ಪ್ಯಾರಾಗ್ರಾಫ್ ಸ್ಟೈಲ್‌ಗಳಿಗೆ ಎಕ್ಸ್‌ಪೋರ್ಟ್ ಟ್ಯಾಗ್‌ಗಳನ್ನು ಮೊದಲೇ ಕೊಟ್ಟಿರುತ್ತೇನೆ. ದೃಷ್ಟಿ ಸವಾಲಿರುವ ಓದುಗರು ಎನ್‌ವಿಡಿಎಯಂತಹ ತಂತ್ರಾಂಶದ ಮೂಲಕ ಕನ್ನಡ ಪುಸ್ತಕವನ್ನು ಕೇಳಿ ಓದುತ್ತಾರೆ. ಅವರಿಗೆ ಕರ್ವ್ ಮಾಡಿದ ಪುಟ ಖಾಲಿ ಪುಟವೇ ಸರಿ.

ಇಲ್ಲೊಂದು ತೊಡಕು ಉಳಿದೇ ಇದೆ. ಯೂನಿಕೋಡ್‌ನಲ್ಲಿ ಬರೆದ ಮಾತ್ರಕ್ಕೆ ಪಿಡಿಎಫ್‌ನಲ್ಲಿ ಹುಡುಕಾಟ ಸರಿಯಾಗುತ್ತದೆಂಬ ಖಾತ್ರಿಯಿಲ್ಲ. ಪಿಡಿಎಫ್ ಒಳಗೆ ಇರುವುದು ಪುಟದ ಮೇಲೆ ಬಿಡಿಸಿದ ಆಕೃತಿಗಳ ಸಾಲು. ಅರ್ಕಾವತ್ತನ್ನು ನಾವು ವ್ಯಂಜನದ ನಂತರ ಬರೆಯುತ್ತೇವೆ, ಆದರೆ ಉಚ್ಚಾರದಲ್ಲಿಯೂ ಯೂನಿಕೋಡ್ ಕ್ರಮದಲ್ಲಿಯೂ ರಕಾರ ಮೊದಲು ಬರುತ್ತದೆ. ಆಕೃತಿಗಳ ಸಾಲಿನಿಂದಲೇ ಪಠ್ಯವನ್ನು ಎತ್ತಿದಾಗ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗಿಬಿಡುವುದು ಇದರಿಂದಲೇ. ಆದ್ದರಿಂದ ಎಕ್ಸ್‌ಪೋರ್ಟ್ ಆದ ಕಡತದಲ್ಲಿ ಕರ್ನಾಟಕ, ಧರ್ಮ, ಶಾಸ್ತ್ರ, ಕೃಷ್ಣ ಎಂಬ ಪದಗಳನ್ನು ಹುಡುಕಿ ನೋಡುತ್ತೇನೆ, ಒಂದು ಪ್ಯಾರಾವನ್ನು ನಕಲು ಮಾಡಿ ಬೇರೆಡೆ ಅಂಟಿಸಿ ಓದುತ್ತೇನೆ. ಪದಗಳು ಮುರಿದು ಬಂದರೆ ಪ್ರಕಾಶಕರಿಗೆ ಪಿಡಿಎಫ್ ಜೊತೆಗೆ ಇಪಬ್ ಎಂಬ ಇ-ಪುಸ್ತಕದ ಆವೃತ್ತಿಯನ್ನೂ ಮಾಡಿಕೊಡುತ್ತೇನೆ. ಅದರಲ್ಲಿ ಪಠ್ಯ ಯೂನಿಕೋಡ್ ಆಗಿಯೇ ಉಳಿಯುವುದರಿಂದ ಹುಡುಕಾಟವೂ ಕೇಳುವ ಓದೂ ನೆಚ್ಚಿಕೆಯಿಂದ ನಡೆಯುತ್ತವೆ. ಪುಟವಿನ್ಯಾಸದ ಸೊಗಸು ಅಲ್ಲಿ ಉಳಿಯುವುದಿಲ್ಲ. ಆದರೂ ಊರಿನ ಇತಿಹಾಸ, ವಂಶಾವಳಿ, ಶಾಸನಗಳ ಸಂಗ್ರಹದಂತಹ ಪುಸ್ತಕಗಳಲ್ಲಿ ಹೆಸರನ್ನು ಹುಡುಕಲು ಸಾಧ್ಯವಾಗುವುದೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಈ ಸೆಟ್ಟಿಂಗ್‌ಗಳನ್ನು ಪಿಡಿಎಫ್ ಪ್ರೀಸೆಟ್‌ಗಳಾಗಿ, ಪ್ರತಿಯೊಂದು ಬಗೆಯ ಕೆಲಸಕ್ಕೂ ಅದರದೇ ಹೆಸರಿಟ್ಟು ಉಳಿಸಿಕೊಂಡಿದ್ದೇನೆ. ಅವು ಸಣ್ಣ ಕಡತಗಳಾದ್ದರಿಂದ ಜೊತೆಯಲ್ಲಿ ಕೆಲಸ ಮಾಡುವವರಿಗೂ ಕಳುಹಿಸಬಹುದು. ಪುಸ್ತಕ ಅಚ್ಚಿಗೆ ಹೋದ ಮೇಲೆ ಫಾಂಟು, ಚಿತ್ರಗಳ ಸಮೇತ ಪ್ಯಾಕೇಜ್ ಮಾಡಿದ ಮೂಲ ಕಡತ, ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳಲ್ಲೂ ತೆರೆಯುವ ಐಡಿಎಂಎಲ್ ಪ್ರತಿ, ಎರಡೂ ಪಿಡಿಎಫ್‌ಗಳು, ಬಳಸಿದ ಪ್ರೀಸೆಟ್ ಇವನ್ನೆಲ್ಲ ಒಂದೇ ಫೋಲ್ಡರಿನಲ್ಲಿ ಇರಿಸಿ, ಕಾಗದದ ಬಗೆ, ಅದರ ದಪ್ಪ, ಬೆನ್ನಿನ ಅಗಲ, ಪ್ರೊಫೈಲಿನ ಹೆಸರನ್ನು ಒಂದು ಟಿಪ್ಪಣಿಯಲ್ಲಿ ಬರೆದಿಡುತ್ತೇನೆ. ಮರುಮುದ್ರಣದಲ್ಲಿ ಕಾಗದ ಬದಲಾದರೆ ಬೆನ್ನಿನ ಅಗಲವೂ ಬದಲಾಗುತ್ತದೆ. ಪುಟಗಳ ಅರ್ಧದಷ್ಟಿರುವ ಹಾಳೆಗಳ ಸಂಖ್ಯೆಯನ್ನು ಒಂದು ಹಾಳೆಯ ದಪ್ಪದಿಂದ ಗುಣಿಸಿ ಹೊಸ ಅಳತೆ ತೆಗೆದು, ಮುಖಪುಟವನ್ನಷ್ಟೇ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಸಾಕಾಗುತ್ತದೆ.