ಮೊದಲು ಕ್ಲಬ್ಬು, ಆಮೇಲೆ ವಿಮಾನ

ಗೋಣಿಕೊಪ್ಪ ಕಡೆಯ ಹುಡುಗರು ನನ್ನನ್ನು ಕೇಳುವುದು ಒಂದೇ: "ಅಣ್ಣಾ, ರಿಮೋಟಿನಲ್ಲಿ ಹಾರಿಸೋ ಮಾದರಿ ವಿಮಾನ ಯಾವುದು ತಗೊಳ್ಲಿ?" ಸದ್ಯಕ್ಕೆ ಯಾವುದೂ ಬೇಡ. ಇಂಥ ವಿಮಾನ ಹಾರಿಸುವ ಬೆಂಗಳೂರಿನ ಹವ್ಯಾಸಿ ಸಂಘವೊಂದಕ್ಕೆ ಮೊದಲೇ ಫೋನ್ ಮಾಡಿ, ಅವರು ಹಾರಿಸುವ ದಿನ ಬರಿಗೈಲಿ ಹೋಗಿ ನಿಂತು ನೋಡಿ.

ಚಂದಾ ಎಷ್ಟು ಅನ್ನುವುದಕ್ಕಿಂತ ಮೊದಲು, ಎರಡು ರಿಮೋಟ್ ಜೋಡಿಸಿ ಕಲಿಸ್ತೀರಾ ಅಂತ ಕೇಳಿ. ಕಲಿಸುವವರು ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ನಿಮ್ಮದು; ಬಿಟ್ಟ ಕೂಡಲೇ ಅವರದು. ವಿಮಾನ ನಿಮ್ಮ ಕಡೆಗೆ ತಿರುಗಿ ಬರುವಾಗ ಎಡ-ಬಲ ಅದಲುಬದಲಾಗುತ್ತದೆ. ಹೊಸಬರು ಬೀಳಿಸುವುದು ಅಲ್ಲೇ.

2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ 25 ಕಿಲೋ ಮೀರಬಾರದು, ಕಣ್ಣಳತೆಯಲ್ಲೇ ಹಾರಬೇಕು. ಎಲ್ಲಿ ಹಾರಿಸಬಹುದು ಅಂತ ಬಣ್ಣಗಳಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.

ಊರಲ್ಲಿ ಅಭ್ಯಾಸಕ್ಕೆ ಕೊಯ್ಲು ಮುಗಿದ ಗದ್ದೆಯೇ ಸರಿ, ಯಜಮಾನರನ್ನು ಕೇಳಿಕೊಂಡು. ತೋಟದ ಅಂಚು ಬೇಡ: ಸಿಲ್ವರ್ ಓಕ್ ಮರದ ತುದಿಗೆ ಸಿಕ್ಕಿಕೊಂಡರೆ ಮರ ಹತ್ತಿ ಮೆಣಸು ಕೊಯ್ಯುವವರನ್ನೇ ಕಾಡಿ ಬೇಡಬೇಕು. ಮಳೆಗಾಲವಿಡೀ ಕಂಪ್ಯೂಟರಿನಲ್ಲೇ ವಿಮಾನ ಹಾರಿಸಿ ಕಲಿಯುವ ಸಿಮ್ಯುಲೇಟರ್ ಆಡಿ. ವಿಮಾನದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಎತ್ತಿಡಬೇಡಿ, ಒಳಗಿನ ಒಂದೊಂದು ಸೆಲ್ಲಿಗೆ 3.8 ವೋಲ್ಟ್ ಸಾಕು.